ಪೆಟ್ರೋಲ್ ಖರ್ಚು: ಏರಿದ್ದು ದರವೋ, ಲೀಟರೋ?

ಪ್ರಶ್ನೆ: ತುಮಕೂರಿನಿಂದ ಶಿಕ್ಷಕಿಯೊಬ್ಬರು ಬರೆದಿದ್ದಾರೆ. “ನಾನು ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ನಮ್ಮ ಯಜಮಾನರು ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು. ಇಬ್ಬರಿಗೂ ಸೇರಿ ಕೈಗೆ ಬರುವುದು 58 ಸಾವಿರ ರೂಪಾಯಿ, ಅದರಲ್ಲಿ 16 ಸಾವಿರ ಮನೆ ಸಾಲದ ಕಂತಿಗೆ ಹೋಗುತ್ತದೆ. 2023ರ ಅಕ್ಟೋಬರಿನಲ್ಲಿ ಪೆಟ್ರೋಲಿಗೆ 4,150 ರೂಪಾಯಿ ಖರ್ಚಾಗಿತ್ತು, 2025ರ ಅಕ್ಟೋಬರಿನಲ್ಲಿ ಅದು 6,300 ಆಗಿದೆ. ಮಗನ ಶಾಲಾ ವ್ಯಾನಿನವರು 1,400 ಇದ್ದದ್ದನ್ನು 1,700 ಮಾಡಿದ್ದಾರೆ, ತರಕಾರಿಯೂ ತುಟ್ಟಿ. ಅಂಚೆ ಕಚೇರಿಯಲ್ಲಿ ಮಗಳ ಹೆಸರಿನಲ್ಲಿ ಕಟ್ಟುತ್ತಿದ್ದ 2,000 ರೂಪಾಯಿಯ ಆರ್.ಡಿ.ಯನ್ನು (ತಿಂಗಳ ಕಂತಿನ ಠೇವಣಿ) ಎರಡು ತಿಂಗಳಿಂದ ಕಟ್ಟಲಾಗಿಲ್ಲ. ಬೆಳಿಗ್ಗೆ ಬೇಗ ಹೋಗಿ ಪೆಟ್ರೋಲ್ ಹಾಕಿಸಿದರೆ, 100ರ ಬದಲು 110 ರೂಪಾಯಿಗೆ ಹಾಕಿಸಿದರೆ ಉಳಿತಾಯವಾಗುತ್ತದೆ ಎನ್ನುತ್ತಾರೆ, ನಿಜವೇ? ಎಥೆನಾಲ್ ಬೆರೆಸಿದ್ದರಿಂದಲೇ ಮೈಲೇಜ್ ಬಿದ್ದಿದೆಯೇ? ಕಚ್ಚಾ ತೈಲ ಅಗ್ಗವಾದರೂ ನಮಗೇಕೆ ಇಳಿಯುವುದಿಲ್ಲ? 2014ರ ಕಾರನ್ನು ಮಾರಿಬಿಡಬೇಕೇ, ಸಿ.ಎನ್.ಜಿ. ಕಿಟ್ ಹಾಕಿಸಬೇಕೇ, ನನಗೊಂದು ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳಬೇಕೇ?” ಇದರೊಂದಿಗೆ ಯಜಮಾನರ ಬೈಕು, ತಮ್ಮ ಸ್ಕೂಟರ್, ಕಾರು, ಈ ಮೂರೂ ವಾಹನಗಳ ಓಡಾಟದ ವಿವರವನ್ನೂ ಮನೆಯ ವಿದ್ಯುತ್ ಬಳಕೆಯನ್ನೂ ಅವರು ಬರೆದು ಕಳುಹಿಸಿದ್ದಾರೆ. ಕಾರ್ಖಾನೆಯ ಬಸ್ಸು 2024ರಲ್ಲಿ ನಿಂತುಹೋಯಿತು ಎಂಬ ಮಾತು ಪತ್ರದ ಕೊನೆಯ ಸಾಲಿನಲ್ಲಿ ಬಂದುಹೋಗಿದೆ.

ಉತ್ತರ: ಎರಡು ವರ್ಷಗಳ ಹಿಂದಿನ ಲೆಕ್ಕವನ್ನೂ ಜೋಪಾನವಾಗಿ ಇಟ್ಟುಕೊಂಡಿರುವುದು ನಿಮಗೆ ತುಂಬ ಅನುಕೂಲವಾಗಿದೆ, ಏಕೆಂದರೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಆ ಲೆಕ್ಕದಲ್ಲಿಯೇ ಇದೆ. ಸರಕು ಸಾಗಣೆ ಸಂಸ್ಥೆಯೊಂದರಲ್ಲಿ ಹದಿನೆಂಟು ವರ್ಷ ಲಾರಿಗಳ ಡೀಸೆಲ್ ಲೆಕ್ಕ ಬರೆದವನು ನಾನು. ಈಗ ಕುಟುಂಬಗಳಿಗೆ ಮನೆಖರ್ಚಿನ ಸಲಹೆ ಕೊಡುವಾಗಲೂ ಅಲ್ಲಿ ಕಲಿತ ಒಂದು ಪದ್ಧತಿಯನ್ನು ಬಿಟ್ಟಿಲ್ಲ: ಇಂಧನದ ಖರ್ಚು ಹೆಚ್ಚಾಯಿತು ಎಂದು ಯಾರೇ ಹೇಳಲಿ, ಮೊದಲು ರೂಪಾಯಿಯನ್ನು ಪಕ್ಕಕ್ಕಿಟ್ಟು ಲೀಟರನ್ನು ಕೇಳುತ್ತೇನೆ.

ನಿಮ್ಮದನ್ನೂ ಹಾಗೆಯೇ ನೋಡೋಣ. ಬೆಂಗಳೂರಿನಲ್ಲಿ 2023ರ ಅಕ್ಟೋಬರಿನಲ್ಲಿ ಪೆಟ್ರೋಲ್ ಲೀಟರಿಗೆ 101.94 ರೂಪಾಯಿ ಇತ್ತು. 2024ರ ಮಾರ್ಚಿನಲ್ಲಿ, ಲೋಕಸಭಾ ಚುನಾವಣೆಗೆ ಮುಂಚೆ, ತೈಲ ಕಂಪನಿಗಳು ಎರಡು ರೂಪಾಯಿಯಷ್ಟು ಇಳಿಸಿದವು. ಅದೇ ಜೂನಿನಲ್ಲಿ ರಾಜ್ಯ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೆ ಏರಿಸಿದ್ದರಿಂದ ಮೂರು ರೂಪಾಯಿ ಹೆಚ್ಚಿತು. ಅಲ್ಲಿಂದ 2025ರ ಅಕ್ಟೋಬರಿನವರೆಗೂ ದರ 103ರ ಒಳಗೇ ನಿಂತಿದೆ. ತುಮಕೂರಿನಲ್ಲಿ ಸಾಗಣೆ ವೆಚ್ಚದ ಕಾರಣ ಕೆಲವು ಪೈಸೆಗಳ ವ್ಯತ್ಯಾಸ ಇರುತ್ತದೆ, ಆದರೆ ಚಿತ್ರ ಅದೇ. ಅಂದರೆ ನೀವು ಹೋಲಿಸಿದ ಎರಡು ಅಕ್ಟೋಬರುಗಳ ನಡುವೆ ದರದಲ್ಲಿ ಏರಿದ್ದು ಸುಮಾರು ಒಂದು ರೂಪಾಯಿ.

ಈಗ ಭಾಗಾಕಾರ ಮಾಡಿ. 2023ರ 4,150 ರೂಪಾಯಿಗೆ ಬಂದಿದ್ದು ಸುಮಾರು 41 ಲೀಟರ್, 2025ರ 6,300 ರೂಪಾಯಿಗೆ ಬಂದಿದ್ದು 61 ಲೀಟರ್. ಹೆಚ್ಚಾದ 2,150 ರೂಪಾಯಿಯಲ್ಲಿ ದರ ಏರಿಕೆಯ ಪಾಲು ಐವತ್ತು, ಅರವತ್ತು ರೂಪಾಯಿಗಿಂತ ಹೆಚ್ಚಲ್ಲ. ಉಳಿದದ್ದೆಲ್ಲ ಆ ಇಪ್ಪತ್ತು ಲೀಟರಿನದು, ಮತ್ತು ಆ ಇಪ್ಪತ್ತು ಲೀಟರ್ ಎಲ್ಲಿಂದ ಬಂತು ಎಂಬುದು ನೀವು ಪತ್ರದ ಕೊನೆಗೆ ಬರೆದ ಸಾಲಿನಲ್ಲಿದೆ. ಕಾರ್ಖಾನೆಯ ಬಸ್ಸು ಇದ್ದಾಗ ನಿಮ್ಮ ಯಜಮಾನರ ಬೈಕಿಗೆ, ಬಸ್ ಹತ್ತುವ ಜಾಗಕ್ಕೆ ಹೋಗಿಬರುವುದೂ ಸೇರಿ, ತಿಂಗಳಿಗೆ 7 ಲೀಟರ್ ಸಾಕಾಗುತ್ತಿತ್ತು. ಈಗ ದಿನಕ್ಕೆ 44 ಕಿಲೋಮೀಟರಿನಂತೆ 24 ದಿನ, ಊರೊಳಗಿನ ಓಡಾಟ ಬೇರೆ, ಒಟ್ಟು 1,200 ಕಿಲೋಮೀಟರಿಗೆ 27 ಲೀಟರ್ ಬೇಕಾಗುತ್ತಿದೆ. ನಿಮ್ಮ ಸ್ಕೂಟರಿನ 10 ಲೀಟರ್, ಕಾರಿನ 24 ಲೀಟರ್ ಆಗಲೂ ಇದ್ದವು, ಈಗಲೂ ಇವೆ.

ಇದನ್ನು ನಿಮ್ಮ ತಪ್ಪು ತೋರಿಸುವುದಕ್ಕಾಗಿ ಹೇಳುತ್ತಿಲ್ಲ. ಕಾರ್ಖಾನೆ ಬಸ್ಸನ್ನು ನಿಲ್ಲಿಸಿದಾಗ ತನ್ನ ಮೇಲಿದ್ದ ಒಂದು ವೆಚ್ಚವನ್ನು ನಿಮ್ಮ ಮನೆಗೆ ವರ್ಗಾಯಿಸಿತು. ಅದು ಸಂಬಳದ ಚೀಟಿಯಲ್ಲಿ ಕಾಣಲಿಲ್ಲ, ಬಂಕಿನಲ್ಲಿ ಕಾಣಿಸಿತು. ನೌಕರರು ಒಟ್ಟಾಗಿ ಬಸ್ಸನ್ನೋ ಪ್ರಯಾಣ ಭತ್ಯೆಯನ್ನೋ ಕೇಳುವುದಾದರೆ, ತಿಂಗಳಿಗೆ ತಲಾ ಎರಡು ಸಾವಿರ ರೂಪಾಯಿ ಹೊರೆ ಎಂಬ ಈ ಲೆಕ್ಕವನ್ನು ಮುಂದಿಟ್ಟು ಕೇಳಬಹುದು.

ಹಾಗೆಂದು ದರದ ಬಗೆಗಿನ ನಿಮ್ಮ ಆತಂಕ ಆಧಾರವಿಲ್ಲದ್ದಲ್ಲ. 2020ರ ಲಾಕ್‌ಡೌನ್ ಸಮಯದಲ್ಲಿ ಬೆಂಗಳೂರಿನಲ್ಲಿ 75 ರೂಪಾಯಿಗಿಂತ ಕೆಳಗಿದ್ದ ಪೆಟ್ರೋಲ್ 2022ರ ಏಪ್ರಿಲ್‌ನಲ್ಲಿ 111 ರೂಪಾಯಿ ದಾಟಿತ್ತು. ಅದರ ಹಿಂದಿನ ನಾಲ್ಕೂವರೆ ತಿಂಗಳು ಅಲುಗಾಡದೆ ಇದ್ದ ದರ ಮಾರ್ಚ್ 22ರಿಂದ ದಿನಕ್ಕೆ 80 ಪೈಸೆಯಂತೆ ಏರತೊಡಗಿ ಹದಿನಾರು ದಿನಗಳಲ್ಲಿ ಹತ್ತು ರೂಪಾಯಿ ಹೆಚ್ಚಿದ್ದನ್ನು ನಾವೆಲ್ಲ ನೋಡಿದ್ದೇವೆ. ಅಂಥದ್ದು ಮತ್ತೆ ಬರುವುದಿಲ್ಲ ಎಂದು ಯಾರೂ ಭರವಸೆ ಕೊಡಲಾರರು. ಮೊದಲು ಲೀಟರಿಗೆ ಹತ್ತು ರೂಪಾಯಿ ಏರಿದರೆ ನಿಮಗೆ 410 ರೂಪಾಯಿ ಹೊರೆಯಾಗುತ್ತಿತ್ತು, ಈಗ 610 ಆಗುತ್ತದೆ. ನಿಮ್ಮ ಕೈಲಿರುವುದು ಲೀಟರು ಮಾತ್ರ, ಆದ್ದರಿಂದ ಈ ಉತ್ತರದ ಹೆಚ್ಚಿನ ಭಾಗ ಅದರ ಸುತ್ತಲೇ ಇರುತ್ತದೆ.

ಕಚ್ಚಾ ತೈಲ ಅಗ್ಗವಾದರೂ ಬಂಕಿನಲ್ಲಿ ಏಕೆ ಇಳಿಯುವುದಿಲ್ಲ ಎಂಬುದಕ್ಕೆ ಮುಖ್ಯ ಕಾರಣ ತೆರಿಗೆಯ ಸ್ವರೂಪ. ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಷ್ಟು ಎಂದು ನಿಗದಿಯಾದ ಮೊತ್ತ. ಕಚ್ಚಾ ತೈಲ ಇಳಿದರೂ ಅದು ತಾನಾಗಿ ಇಳಿಯುವುದಿಲ್ಲ. 2020ರಲ್ಲಿ ತೈಲ ಕುಸಿದಾಗ ಆ ಸುಂಕವನ್ನು ಎರಡು ಸಲ ಏರಿಸಿದ್ದರಿಂದ ಇಳಿಕೆಯ ಲಾಭ ಜನರಿಗೆ ತಲುಪಲಿಲ್ಲ. 2021ರ ನವೆಂಬರಿನಲ್ಲಿ 5 ರೂಪಾಯಿ, 2022ರ ಮೇ ತಿಂಗಳಲ್ಲಿ 8 ರೂಪಾಯಿ ಕಡಿತವಾದ ಮೇಲೆ, 2025ರ ಏಪ್ರಿಲ್‌ನಲ್ಲಿ ಮತ್ತೆ 2 ರೂಪಾಯಿ ಏರಿ ಅದು 21.90 ರೂಪಾಯಿ ಆಯಿತು. ಈ ಕೊನೆಯ ಎರಡು ರೂಪಾಯಿ ಬಂಕಿನ ದರಕ್ಕೆ ಸೇರಲಿಲ್ಲ, ಆದರೆ ಆಗ ಇಳಿಯಬಹುದಾಗಿದ್ದ ಎರಡು ರೂಪಾಯಿ ಅದರೊಳಗೆ ಕರಗಿತು. ರಾಜ್ಯದ ಮಾರಾಟ ತೆರಿಗೆ ಶೇಕಡಾವಾರು ಆದ್ದರಿಂದ ಮೂಲಬೆಲೆ ಏರಿದಾಗ ಅದೂ ಏರುತ್ತದೆ. 2025ರ ಅಕ್ಟೋಬರಿನಲ್ಲಿ ನೀವು ಕೊಟ್ಟ ನೂರು ರೂಪಾಯಿಯಲ್ಲಿ ಇವೆರಡೂ ಸೇರಿ ನಲವತ್ತಕ್ಕೂ ಹೆಚ್ಚು ತೆರಿಗೆಯೇ ಇತ್ತು. ಜೊತೆಗೆ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚು ಹೊರಗಿನಿಂದ, ಡಾಲರ್ ಕೊಟ್ಟು ತರುವಂಥದ್ದು. ರೂಪಾಯಿ ಕುಸಿದಾಗ ಅಗ್ಗದ ತೈಲವೂ ಅಗ್ಗವಾಗಿ ಉಳಿಯುವುದಿಲ್ಲ.

ಇನ್ನು ವ್ಯಾನು ಮತ್ತು ತರಕಾರಿ. ಡೀಸೆಲ್ ಇದೇ ಎರಡು ವರ್ಷಗಳಲ್ಲಿ ರಾಜ್ಯದ ತೆರಿಗೆ ಏರಿಕೆಗಳಿಂದ 88ರ ಆಸುಪಾಸಿನಿಂದ 91ಕ್ಕೆ, ಅಂದರೆ ಸುಮಾರು ಮೂರು ರೂಪಾಯಿ ಹೆಚ್ಚಿದೆ. ಹತ್ತು ಟನ್ ಈರುಳ್ಳಿ ಹೇರಿದ ಲಾರಿ 200 ಕಿಲೋಮೀಟರ್ ಓಡಲು ಸುಮಾರು 45 ಲೀಟರ್ ಕುಡಿಯುತ್ತದೆ ಎಂದುಕೊಳ್ಳಿ. ಮೂರು ರೂಪಾಯಿಯ ಏರಿಕೆಗೆ ಹೆಚ್ಚಾಗುವ ವೆಚ್ಚ 135 ರೂಪಾಯಿ. ಅದನ್ನು ಹತ್ತು ಸಾವಿರ ಕಿಲೋಗೆ ಹಂಚಿದರೆ ಕಿಲೋಗೆ ಒಂದೂವರೆ ಪೈಸೆಗಿಂತಲೂ ಕಡಿಮೆ. ವಾಪಸು ಖಾಲಿ ಬಂದರೂ ಮೂರು ಪೈಸೆ ದಾಟುವುದಿಲ್ಲ. ಕಿಲೋಗೆ ಐದು ರೂಪಾಯಿ ಏರಿದ್ದರೆ ಅದಕ್ಕೆ ಕಾರಣ ಮಳೆಯಲ್ಲಿಯೋ ಮಂಡಿಯ ಆವಕದಲ್ಲಿಯೋ ಇದೆ, ಡೀಸೆಲ್ ಟ್ಯಾಂಕಿನಲ್ಲಿ ಇಲ್ಲ. ಶಾಲಾ ವ್ಯಾನು ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿ 80 ಲೀಟರ್ ಬಳಸಿದರೆ ಹೆಚ್ಚುವರಿ 240 ರೂಪಾಯಿ. ಹದಿನಾಲ್ಕು ಮಕ್ಕಳಿಗೆ ಹಂಚಿದರೆ ತಲಾ 17 ರೂಪಾಯಿ. 300 ರೂಪಾಯಿ ಏರಿಕೆಯಲ್ಲಿ ವಿಮೆ, ಟೈರು, ಚಾಲಕರ ಸ್ವಂತ ಮನೆಖರ್ಚು ಎಲ್ಲವೂ ಇವೆ. ಆ ಕುಟುಂಬವೂ ಬದುಕಬೇಕು, ಆದ್ದರಿಂದ ಜಗಳ ಮಾಡಿ ಎಂದು ನಾನು ಹೇಳುವುದಿಲ್ಲ. ಆದರೆ ಮುಂದಿನ ಸಲ ಡೀಸೆಲ್ ಹೆಸರಿನಲ್ಲಿಯೇ ಏರಿಸಿದರೆ, ಪೋಷಕರು ನಾಲ್ಕು ಜನ ಕೂಡಿ ಈ ಲೆಕ್ಕವನ್ನು ಎದುರಿಗಿಟ್ಟು ಮಾತನಾಡುವುದರಲ್ಲಿ ತಪ್ಪಿಲ್ಲ.

ಬೆಳಿಗ್ಗೆ ಬೇಗ ಹಾಕಿಸಿದರೆ ಹೆಚ್ಚು ಸಿಗುತ್ತದೆ ಎಂಬ ನಂಬಿಕೆಯಲ್ಲಿ ಒಂದು ಎಳೆ ನಿಜವಿದೆ: ಪೆಟ್ರೋಲ್ ಬಿಸಿಯಾದಾಗ ಹಿಗ್ಗುತ್ತದೆ, ಹತ್ತು ಡಿಗ್ರಿಗೆ ಸುಮಾರು ಶೇಕಡಾ ಒಂದರಷ್ಟು. ಆದರೆ ಬಂಕಿನ ಪೆಟ್ರೋಲ್ ನೆಲದಡಿಯ ಟ್ಯಾಂಕಿನಲ್ಲಿರುತ್ತದೆ, ಅಲ್ಲಿನ ಉಷ್ಣಾಂಶ ಬೆಳಗಿಗೂ ಮಧ್ಯಾಹ್ನಕ್ಕೂ ಹೆಚ್ಚೇನೂ ಬದಲಾಗುವುದಿಲ್ಲ. 110 ರೂಪಾಯಿಯ ಉಪಾಯದಲ್ಲಿಯೂ ಹುರುಳಿಲ್ಲ. ಯಂತ್ರದ ಅಳತೆ ಕೆಟ್ಟಿದ್ದರೆ ಅದು ನೂರಕ್ಕೂ ನೂರಾಹತ್ತಕ್ಕೂ ಒಂದೇ ರೀತಿ ಕೆಟ್ಟಿರುತ್ತದೆ. ಅನುಮಾನ ಬಂದರೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ಐದು ಲೀಟರಿನ ಅಳತೆಪಾತ್ರೆಯಲ್ಲಿ ಹಿಡಿದು ತೋರಿಸಿ ಎಂದು ಕೇಳಿ. ಪ್ರತಿ ಬಂಕಿನಲ್ಲೂ ಅದು ಇರಲೇಬೇಕು, ಗ್ರಾಹಕರು ಕೇಳಿದಾಗ ತೋರಿಸಲೇಬೇಕು. ಐದು ಲೀಟರಿಗೆ ಕೊರತೆ 25 ಮಿಲಿಲೀಟರನ್ನು ಮೀರಿದರೆ ಆ ಇಲಾಖೆಗೆ ದೂರು ಕೊಡಬಹುದು. ಸಂಕೋಚದಿಂದ ಬಹಳ ಜನ ಇದನ್ನು ಕೇಳುವುದೇ ಇಲ್ಲ.

ಎಥೆನಾಲ್ ವಿಷಯದಲ್ಲಿ ನಿಮ್ಮ ಅನುಮಾನ ಸರಿ, ಆದರೆ ಪ್ರಮಾಣ ಬೇರೆ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಶೇಕಡಾ 20 ಬೆರೆಸಿದಾಗ ಮೈಲೇಜ್ ಇಳಿಯಲೇಬೇಕು. ಅದಕ್ಕೆಂದೇ ಸಿದ್ಧಪಡಿಸದ ವಾಹನಗಳಲ್ಲಿ ಶೇಕಡಾ 3ರಿಂದ 6ರಷ್ಟು ಎಂದು ಕೇಂದ್ರ ಸರ್ಕಾರವೇ ಹೇಳಿದೆ. ನಿಮ್ಮ 61 ಲೀಟರಿಗೆ ಅದು ತಿಂಗಳಿಗೆ ಮೂರು ಲೀಟರ್, ಸುಮಾರು 300 ರೂಪಾಯಿ. ಇದು ಸಣ್ಣ ಮೊತ್ತವಲ್ಲ. ಶಕ್ತಿ ಕಡಿಮೆಯಾದಾಗ ದರವೂ ಕಡಿಮೆಯಾಗಬೇಕಿತ್ತು ಎಂಬ ಜನರ ಅಸಮಾಧಾನ ನ್ಯಾಯವಾದದ್ದು ಎಂದೇ ನಾನು ತಿಳಿಯುತ್ತೇನೆ. ಆದರೆ ನಿಮ್ಮ ಇಪ್ಪತ್ತು ಲೀಟರನ್ನು ಅದು ವಿವರಿಸುವುದಿಲ್ಲ. 2014ರ ಕಾರಿನ ಬಗ್ಗೆ ಒಂದು ಎಚ್ಚರಿಕೆ ಮಾತ್ರ ಬೇಕು: ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಕೊಳವೆಗಳಿಗೆ ಅದು ಒಗ್ಗುವುದಿಲ್ಲ. ಟ್ಯಾಂಕ್ ತಳ ಕಂಡ ಸ್ಥಿತಿಯಲ್ಲಿ ಕಾರನ್ನು ವಾರಗಟ್ಟಲೆ ನಿಲ್ಲಿಸಬೇಡಿ, ಸರ್ವೀಸಿಗೆ ಬಿಟ್ಟಾಗ ಇಂಧನದ ಕೊಳವೆಗಳನ್ನೂ ಸೀಲುಗಳನ್ನೂ ಪರೀಕ್ಷಿಸಲು ಹೇಳಿ.

ಮೈಲೇಜನ್ನು ಅಂದಾಜಿನಲ್ಲಿ ಹೇಳದೆ ಅಳೆಯಿರಿ. ಫುಲ್ ಟ್ಯಾಂಕ್ ಮಾಡಿಸಿ ಮೀಟರ್ ಬರೆದಿಟ್ಟುಕೊಳ್ಳುವುದು, ಮತ್ತೆ ಅದೇ ಬಂಕಿನಲ್ಲಿ ಫುಲ್ ಮಾಡಿಸಿದಾಗ ಎಷ್ಟು ಲೀಟರ್ ಹಿಡಿಯಿತು ಎಂದು ನೋಡಿ, ಓಡಿದ ಕಿಲೋಮೀಟರನ್ನು ಅದರಿಂದ ಭಾಗಿಸುವುದು. ಮೂರು ಸಲ ಮಾಡಿದರೆ ನಂಬಬಹುದಾದ ಅಂಕಿ ಸಿಗುತ್ತದೆ. ನಮ್ಮ ಸಂಸ್ಥೆಯಲ್ಲಿ ಒಬ್ಬ ಹಿರಿಯ ಚಾಲಕರು ಸೀಟಿನ ಪಕ್ಕದಲ್ಲಿ ನೂಲು ಕಟ್ಟಿದ ಸಣ್ಣ ಪುಸ್ತಕ ಇಟ್ಟುಕೊಂಡು ಪ್ರತಿ ಸಲವೂ ಹೀಗೆ ಬರೆಯುತ್ತಿದ್ದರು. ಒಮ್ಮೆ ಅವರ ಗಾಡಿಯ ಸರಾಸರಿ ಒಂದೇ ವಾರದಲ್ಲಿ ಬಿದ್ದಾಗ ಡೀಸೆಲ್ ಕಳವಾಗಿದೆ ಎಂದು ಕಚೇರಿಯಲ್ಲಿ ಮಾತಾಯಿತು. ಅವರು ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟು, ಗಾಡಿಯನ್ನು ಜಾಕಿಗೆ ಏರಿಸಿ ಎಂದರು. ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರೆ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು, ಬ್ರೇಕ್ ಹಿಡಿದುಕೊಂಡಿತ್ತು. ನಿಮ್ಮ ಯಜಮಾನರು ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ತಿರುಗಿಸಿ ನೋಡಲಿ. ಸರಾಗವಾಗಿ ಕೆಲವು ಸುತ್ತು ತಿರುಗಬೇಕು. ಟೈರಿನ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ ನೋಡಿಸಲಿ. ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೋಗುವ ಅಭ್ಯಾಸವಿದ್ದರೆ 50, 55ಕ್ಕೆ ಇಳಿಸಿಕೊಂಡು ಎಡಬದಿಯಲ್ಲಿ ಸಾಗಲಿ. ವೇಗ ಹೆಚ್ಚಿದಂತೆ ಗಾಳಿಯ ತಡೆ ಅದರ ವರ್ಗದ ಪ್ರಮಾಣದಲ್ಲಿ ಹೆಚ್ಚುತ್ತದೆ; 22 ಕಿಲೋಮೀಟರಿನ ದಾರಿಯಲ್ಲಿ ಇದರಿಂದ ತಡವಾಗುವುದು ಎಂಟರಿಂದ ಹತ್ತು ನಿಮಿಷ.

ದೊಡ್ಡ ಉಳಿತಾಯ ಮಾತ್ರ ದೂರವನ್ನು ಹಂಚಿಕೊಳ್ಳುವುದರಲ್ಲಿದೆ. ತುಮಕೂರಿನಿಂದ ಅದೇ ಪಾಳಿಗೆ ಹೋಗುವ ಸಹೋದ್ಯೋಗಿ ಖಂಡಿತ ಇರುತ್ತಾರೆ. ಒಂದು ವಾರ ಇವರ ಬೈಕು, ಇನ್ನೊಂದು ವಾರ ಅವರದು ಎಂದು ಮಾಡಿಕೊಂಡರೆ ತಿಂಗಳಿಗೆ 12 ಲೀಟರ್, ಸುಮಾರು 1,200 ರೂಪಾಯಿ ಉಳಿಯುತ್ತದೆ. ಹಿಂದೆ ಒಬ್ಬರು ಕೂತಾಗ ಮೈಲೇಜ್ ಸ್ವಲ್ಪ ಇಳಿಯುವುದನ್ನು ಇದರಲ್ಲಿ ಕಳೆದುಕೊಳ್ಳಿ. ಆದರೆ ಶುರು ಮಾಡುವ ಮುಂಚೆ ಎರಡೂ ಬೈಕುಗಳ ವಿಮಾ ಪತ್ರವನ್ನು ತೆಗೆದು ನೋಡಬೇಕು. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಹಿಂಬದಿ ಸವಾರರಿಗೆ ರಕ್ಷಣೆ ಸಿಗುವುದಿಲ್ಲ. ಪ್ಯಾಕೇಜ್ ಪಾಲಿಸಿ ಇರಬೇಕು. ಇಬ್ಬರಿಗೂ ಹೆಲ್ಮೆಟ್ ಕಡ್ಡಾಯ. ಪಾಳಿ ಹೊಂದದಿದ್ದರೆ ಸಾರಿಗೆ ಸಂಸ್ಥೆಯ ಮಾಸಿಕ ಪಾಸಿನ ದರ ವಿಚಾರಿಸಿ, 24 ಲೀಟರಿನ ಬೆಲೆಯ ಪಕ್ಕದಲ್ಲಿಟ್ಟು ನೋಡಿ.

ಕಾರಿನ 24 ಲೀಟರಿನಲ್ಲಿ ಇಪ್ಪತ್ತು ಲೀಟರ್ ತಿಂಗಳಿಗೆ ಎರಡು ಸಲ ತಿಪಟೂರಿನ ಊರಿಗೆ ಹೋಗಿಬರುವುದಕ್ಕೆ ಖರ್ಚಾಗುತ್ತಿದೆ. ಅತ್ತೆಯವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ ಸಲ ಕಾರೇ ಬೇಕು, ಅದನ್ನು ಬಿಡಿ ಎನ್ನುವುದಿಲ್ಲ. ಇನ್ನೊಂದು ಸಲ ಬಸ್ಸಿನಲ್ಲಿ ಹೋಗಿ: ಶಕ್ತಿ ಯೋಜನೆಯಲ್ಲಿ ನಿಮಗೂ ಮಗಳಿಗೂ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ, ಯಜಮಾನರದೂ ಮಗನದೂ ಟಿಕೆಟ್ ಕಳೆದರೂ ಐದಾರು ನೂರು ರೂಪಾಯಿ ಉಳಿಯುತ್ತದೆ. ರೈಲಿನ ವೇಳೆ ಹೊಂದಿದರೆ ಇನ್ನೂ ಒಳ್ಳೆಯದು.

ಕಾರು ಮಾರುವ ಬಗ್ಗೆ ನನ್ನ ಅಭಿಪ್ರಾಯ: ಈಗ ಬೇಡ. ಹಳೆಯ ಕಾರಿಗೆ ಬರುವ ಬೆಲೆ ಕಡಿಮೆ, ವೃದ್ಧರಿರುವ ಮನೆಯಲ್ಲಿ ರಾತ್ರಿ ಹೊತ್ತಿನ ತುರ್ತಿಗೆ ಅದರ ಬೆಲೆ ಹೆಚ್ಚು. 15 ವರ್ಷದ ನೋಂದಣಿ ಅವಧಿ 2029ರಲ್ಲಿ ಮುಗಿಯುತ್ತದೆ. ನವೀಕರಣದ ಖರ್ಚು ಎದುರಾದಾಗ ಮತ್ತೆ ಯೋಚಿಸಿ. ಅದೇ ಕಾರಣಕ್ಕೆ ಸಿ.ಎನ್.ಜಿ. ಕಿಟ್ಟೂ ಬೇಡ. ಐವತ್ತು ಸಾವಿರದಷ್ಟು ಸುರಿದು ತಿಂಗಳಿಗೆ ಸಾವಿರ ಉಳಿಸಿದರೆ ಹಾಕಿದ ಹಣ ಮರಳುವ ಹೊತ್ತಿಗೆ ನೋಂದಣಿಯೇ ಮುಗಿಯುತ್ತದೆ. ಡಿಕ್ಕಿಯ ಜಾಗ ಹೋಗುವುದು, ಆರ್.ಸಿ.ಯಲ್ಲೂ ವಿಮೆಯಲ್ಲೂ ನಮೂದಿಸಬೇಕಾದದ್ದು, ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ, ಇವೆಲ್ಲ ಬೇರೆ.

ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಎಲ್ಲರೂ ಮಾಡುವ ತಪ್ಪನ್ನು ನೀವು ಮಾಡಬಾರದು ಎಂಬುದು ನನ್ನ ಕಳಕಳಿ. ನಿಮ್ಮ ಸ್ಕೂಟರ್ ತಿಂಗಳಿಗೆ ಓಡುವುದು 380 ಕಿಲೋಮೀಟರ್, ಕುಡಿಯುವುದು ಸಾವಿರ ರೂಪಾಯಿಯ ಪೆಟ್ರೋಲ್. ಒಂದು ಲಕ್ಷದ ಮೇಲಿನ ಗಾಡಿಗೆ ಸಾಲ ಮಾಡಿದರೆ ಮೂರು ವರ್ಷ ತಿಂಗಳಿಗೆ ಮೂರು ಸಾವಿರಕ್ಕೂ ಹೆಚ್ಚು ಕಂತು ಕಟ್ಟಬೇಕು. ಸಾವಿರ ಉಳಿಸಲು ಮೂರು ಸಾವಿರ ಕೊಡುವುದು ಉಳಿತಾಯವಲ್ಲ. ಮನೆಯಲ್ಲಿ ಯಾವುದಾದರೂ ಗಾಡಿಯನ್ನು ಬದಲಿಸುವುದೇ ಆದರೆ ಅತಿ ಹೆಚ್ಚು ಓಡುವ ಬೈಕನ್ನು ಬದಲಿಸಬೇಕು. ಅಲ್ಲಿಯೂ ಒಂದು ಕಣ್ಣಿಗೆ ಬೀಳದ ತೊಡಕಿದೆ. ಎಲೆಕ್ಟ್ರಿಕ್ ಸ್ಕೂಟರಿಗೆ ನೂರು ಕಿಲೋಮೀಟರಿಗೆ ಮೂರೂವರೆ ಯೂನಿಟ್ ಹಿಡಿದರೂ 1,200 ಕಿಲೋಮೀಟರಿಗೆ 42 ಯೂನಿಟ್ ಬೇಕು. ನೀವು ಬರೆದಂತೆ ಮನೆಯ ವಿದ್ಯುತ್ ಬಳಕೆ ಈಗ 165 ಯೂನಿಟ್. ಎರಡೂ ಸೇರಿದರೆ 207. ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ 200 ದಾಟಿದ ತಿಂಗಳು ದಾಟಿದ ಏಳು ಯೂನಿಟ್‌ಗೆ ಮಾತ್ರವಲ್ಲ, ಪೂರ್ತಿ ಬಳಕೆಗೆ ಬಿಲ್ಲು ಬರುತ್ತದೆ, ಅದು ಸಾವಿರ ರೂಪಾಯಿ ದಾಟುತ್ತದೆ. ಕಾರ್ಖಾನೆಯಲ್ಲಿ ಚಾರ್ಜ್ ಮಾಡಲು ಬಿಡುತ್ತಾರೆಯೇ ಎಂದು ಮೊದಲು ಕೇಳಿ. ಬಿಡುವುದಾದರೆ, ಬೈಕಿನ ಆಯುಷ್ಯ ಮುಗಿದ ಮೇಲೆ, ಬ್ಯಾಟರಿಯ ಖಾತರಿ ಎಷ್ಟು ವರ್ಷ ಎಷ್ಟು ಕಿಲೋಮೀಟರ್ ಎಂದು ಬರವಣಿಗೆಯಲ್ಲಿ ಪಡೆದು ಕೊಳ್ಳಬಹುದು.

ಇನ್ನು ಮುಂದೆ ಮನೆಯ ಲೆಕ್ಕದಲ್ಲಿ ಪೆಟ್ರೋಲಿಗೆ ರೂಪಾಯಿಯ ಮಿತಿ ಇಡಬೇಡಿ, ಲೀಟರಿನ ಮಿತಿ ಇಡಿ. ಬೈಕಿಗೆ 15, ಸ್ಕೂಟರಿಗೆ 10, ಕಾರಿಗೆ 14, ಒಟ್ಟು 39 ಲೀಟರ್. ದರ ಏನೇ ಆಗಲಿ, ಮೀರಿದ್ದು ಓಡಾಟವೋ ಬೆಲೆಯೋ ಎಂದು ಆಗ ಒಂದೇ ನೋಟಕ್ಕೆ ತಿಳಿಯುತ್ತದೆ. 2022ರಂತೆ ಹತ್ತು ರೂಪಾಯಿ ಏರುವ ದಿನಕ್ಕೆಂದು 400 ರೂಪಾಯಿಯ ಒಂದು ಪಾಲನ್ನು ಬೇರೆ ತೆಗೆದಿಡಿ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಬೈಕಿನದೂ ಅಲ್ಲ, ಕಾರಿನದೂ ಅಲ್ಲ. ಅಂಚೆ ಕಚೇರಿಯ ಆರ್.ಡಿ.ಯಲ್ಲಿ ತಪ್ಪಿದ ಕಂತಿಗೆ ನೂರು ರೂಪಾಯಿಗೆ ತಿಂಗಳಿಗೆ ಒಂದು ರೂಪಾಯಿ ದಂಡ, ಅಂದರೆ ನಿಮಗೆ ಒಂದು ಕಂತಿಗೆ ತಿಂಗಳಿಗೆ 20 ರೂಪಾಯಿ. ದಂಡ ಸಣ್ಣದು. ಆದರೆ ನಾಲ್ಕು ಕಂತು ತಪ್ಪಿದರೆ ಖಾತೆ ಸ್ಥಗಿತವಾಗುತ್ತದೆ, ಆಮೇಲೆ ಎರಡು ತಿಂಗಳೊಳಗೆ ಪುನಶ್ಚೇತನ ಮಾಡಿಸದಿದ್ದರೆ ಮುಂದೆ ಹಣ ಕಟ್ಟಲು ಆಗುವುದಿಲ್ಲ. ನಿಮ್ಮದು ಎರಡು ತಪ್ಪಿದೆ. ಊರಿನ ಒಂದು ಪ್ರಯಾಣವನ್ನು ಈ ತಿಂಗಳೇ ಬಸ್ಸಿಗೆ ಬದಲಿಸಿ, ಅದರಿಂದ ಉಳಿಯುವ ಹಣಕ್ಕೆ ಸಾಲದ್ದನ್ನು ಬೇರೆ ಕಡೆಯಿಂದ ಸೇರಿಸಿ, ಒಂದು ಬಾಕಿ ಕಂತನ್ನಾದರೂ ದಂಡದೊಂದಿಗೆ ಕಟ್ಟಿಬನ್ನಿ.